ಹಾಡು ಮರಳಿ ನಾಟಕಕ್ಕೆ

ಹಳೆಯ ಸಂಗೀತ ನಾಟಕವೊಂದು ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಮತ್ತೆ ರಂಗವೇರುತ್ತದೆಂದು ತಿಳಿದಾಗ, “ಅದರ ಹಾಡುಗಳನ್ನೆಲ್ಲ ರೇಡಿಯೋದಲ್ಲಿ ಕೇಳಿದ್ದೇವಲ್ಲ, ಇನ್ನು ನೋಡುವುದೇನು?” ಎನ್ನುವವರುಂಟು. ನೀವೂ ಹಾಗೆ ಅಂದಿರಬಹುದು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ, ಕಂಪನಿ ನಾಟಕವನ್ನು ಕಣ್ಣಾರೆ ಕಾಣದ ಮಲೆನಾಡಿನ ಮನೆಗಳಿಗೂ ರಂಗಗೀತೆ ಬಂದಿತು. ಅದೇನು ಸಣ್ಣ ಉಪಕಾರವಲ್ಲ. ಆದರೆ ಎಷ್ಟೋ ವೇಳೆ ಬಂದದ್ದು ಹಾಡು ಮಾತ್ರ. ಹಾಡಿದವರು ಯಾವ ಪಾತ್ರ, ಆ ಗಳಿಗೆಯಲ್ಲಿ ಯಾವ ಸಂಕಟಕ್ಕೆ ಸಿಕ್ಕಿದ್ದರು ಎಂಬುದು ಬರಲಿಲ್ಲ. ಅದಕ್ಕೂ ಮುಂಚೆ ಗ್ರಾಮಫೋನ್ ತಟ್ಟೆ ಹಾಡನ್ನು ಮೂರು ಚಿಲ್ಲರೆ ನಿಮಿಷಕ್ಕೆ ಕತ್ತರಿಸಿಟ್ಟಿತ್ತು.

‘ಸದಾರಮೆ’ಯನ್ನೇ ತೆಗೆದುಕೊಳ್ಳಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಬಹುವಾಗಿ ಹೆಸರು ತಂದ ನಾಟಕ. 1935ರಲ್ಲಿ ಚಲನಚಿತ್ರವೂ ಆಯಿತು. ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರವಂತೂ ಮನೆಮಾತು. ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀ ಅವರು ನಾಟಕವನ್ನು ಮತ್ತೆ ಆಡಿಸಿ, ಕಳ್ಳನ ವೇಷವನ್ನು ತಾವೇ ತೊಟ್ಟರು. ಕಳ್ಳನ ಹಾಡನ್ನು ಬರಿದೇ ಕೇಳಿದರೆ ಅದೊಂದು ಹಾಸ್ಯಗೀತೆ, ನಕ್ಕು ಮುಗಿಸುತ್ತೀರಿ. ರಂಗದ ಮೇಲಾದರೋ ಎದುರಿಗೆ ಸದಾರಮೆ ಇದ್ದಾಳೆ. ಗಂಡನಿಂದ ಅಗಲಿದವಳು, ಕೈಯಲ್ಲಿ ಆಯುಧವಿಲ್ಲ, ಉಳಿದಿರುವುದು ಬುದ್ಧಿಯೊಂದೇ. ಅವನು ಹಾಡುವಾಗ ನೀವು ನೋಡಬೇಕಾದದ್ದು ಅವನನ್ನಲ್ಲ, ಕೇಳುತ್ತ ನಿಂತಿರುವ ಅವಳನ್ನು. ನಗುವಿನ ಕೆಳಗೆ ಭಯ ಹರಿಯುತ್ತಿರುತ್ತದೆ. ಇದನ್ನು ಯಾವ ತಟ್ಟೆಯೂ ಕೊಡಲಾರದು.

ಹಿಂದೆ ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಕಡೆಯ ಸಾಲಿನವರಿಗೂ ಕೇಳಿಸಬೇಕಾಗಿದ್ದುದರಿಂದ ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಕಾಲು ಹಾರ್ಮೋನಿಯಂ ಅವರ ಬೆನ್ನಿಗಿರುತ್ತಿತ್ತು. “ಒನ್ಸ್ ಮೋರ್” ಕೂಗು ಬಿದ್ದರೆ ಸಾಯುತ್ತಿದ್ದ ನಾಯಕನೂ ಎದ್ದು ಹಾಡಬೇಕಾಗುತ್ತಿತ್ತು ಎಂದು ಹಳಬರು ತಮಾಷೆಗೆ ಹೇಳುವುದುಂಟು! ಅಂಥ ಕಾಟವೆಲ್ಲ ಮರಳಿ ಬರಬೇಕೆಂದು ನಾನು ಹೇಳುವುದಿಲ್ಲ. ಇಡೀ ರಾತ್ರಿಯ ನಾಟಕವನ್ನು ಎರಡೂವರೆ ಗಂಟೆಗೆ ಇಳಿಸುವುದೂ ಈಗ ಅನಿವಾರ್ಯವೇ. ಇಳಿಸುವಾಗ ನಾಲ್ಕು ಹಾಡು ಹೋದರೂ ಹೋಗಲಿ, ಉಳಿದ ಹಾಡಿಗೆ ದಾರಿ ಮಾಡುವ ಮಾತನ್ನು ಕತ್ತರಿಸಬಾರದು. ಅದು ಹೋದರೆ ನಾಟಕ ಕಚೇರಿಯಾಗುತ್ತದೆ.

ನಮ್ಮ ಜಿಲ್ಲೆಯ ಹೆಗ್ಗೋಡಿನ ನೀನಾಸಮಿಗೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಆಡಿಸಿದ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿಯೇ ಬೆಳೆದವರು. ಆ ಗೇಯನಾಟಕದಲ್ಲಿ ಮಾತಿನ ಕೆಲಸವನ್ನೂ ಹಾಡೇ ಮಾಡುತ್ತದೆ. ಒಂದನ್ನು ಕಿತ್ತರೆ ಕಥೆಯೇ ಕುಂಟುತ್ತದೆ.

ಹಾರ್ಮೋನಿಯಂ ನುಡಿಸುವವರ ಕೈ ಕಾಣುವಂತೆ ಜಾಗ ಹಿಡಿಯಿರಿ. ನಟ ಹಾಡಿಗೆ ತೊಡಗುವ ಮೊದಲೇ ಆ ಬೆರಳು ಶ್ರುತಿ ಹಿಡಿದಿರುತ್ತದೆ. ಭದ್ರಾವತಿಗೆ ಮರಳಬೇಕಾದವರು ಬಸ್ಸಿನ ಆತುರದಲ್ಲಿ ಮಂಗಳಕ್ಕೆ ಮುಂಚೆ ಎದ್ದುಬಿಡುತ್ತಾರೆ. ಸ್ವಲ್ಪ ತಡೆಯಿರಿ; ಮಂಗಳವೂ ಹಾಡೇ, ಅದಕ್ಕಾಗಿ ಪಾತ್ರಗಳೆಲ್ಲ ಇನ್ನೊಮ್ಮೆ ಹೊರಗೆ ಬರುತ್ತವೆ, ಕಳ್ಳನೂ ಕೂಡ.