ಮೂಗಿನ ಮರ್ಯಾದೆ, ಎದೆಯ ಹಚ್ಚೆ

(ಆಗುಂಬೆಯಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಆಗುಂಬೆಯವರಿಗೆ ದೊಡ್ಡ ಆಸ್ಪತ್ರೆಗೆ ಹೋಗುವುದೆಂದರೆ ಘಟ್ಟ ಇಳಿಯುವುದು ಎಂದೇ ಅರ್ಥ. ಜಿಲ್ಲಾ ಕೇಂದ್ರ ಶಿವಮೊಗ್ಗ ಸುಮಾರು 90 ಕಿ.ಮೀ. ದೂರ. ಮಣಿಪಾಲ ಅದರ ಅರ್ಧಕ್ಕಿಂತ ತುಸು ಹೆಚ್ಚು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ತೀರ್ಥಹಳ್ಳಿ ಕಡೆಯ ರೋಗಿಗಳಿಗೆ ಅದೇ ದಾರಿ ರೂಢಿಯಾಯಿತು. 14 ತಿರುವು ಇಳಿಯಬೇಕು, ಸೋಮೇಶ್ವರ, ಹೆಬ್ರಿ ದಾಟಬೇಕು. ಮಿನಿ ಬಸ್ಸಿನಲ್ಲಿ ಹೊಟ್ಟೆ ತೊಳಸಿಕೊಳ್ಳುತ್ತ ಹೋದವರಿಗೆಲ್ಲ ಆ ದಾರಿಯ ಉದ್ದ ಗೊತ್ತು. ಹೊಸನಗರದವರಿಗೆ ಹುಲಿಕಲ್ ಘಾಟಿ ಇದೆ. ಕೆಳಗಿಳಿದರೆ ಸೆಖೆ ಬೇರೆ, ಸಾರು ಬೇರೆ, ಮಾತಿನ ರಾಗವೇ ಬೇರೆ. ಪಾಸ್‌ಪೋರ್ಟ್ ಇಲ್ಲದ ಪರದೇಶವೆಂದರೂ ಸರಿಯೇ.

ಹಾಗೆ ಇಳಿದು ಹೋಗುವವರಲ್ಲಿ ಎದೆಯ ಗಂಟಿನ ಹೆಂಗಸರೂ ಇರುತ್ತಾರೆ. ಭಾರತದ ಹೆಂಗಸರಲ್ಲಿ ಇಂದು ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ಒಂದೇ ವರ್ಷ ದೇಶದಲ್ಲಿ ಹೊಸದಾಗಿ ಕಾಯಿಲೆ ಕಂಡವರು ಸುಮಾರು 1 ಲಕ್ಷ 90 ಸಾವಿರ. ಅವರಲ್ಲಿ ಅನೇಕರು ಒಂದು ಮೊಲೆ ಕಳೆದುಕೊಂಡು ಮನೆಗೆ ಮರಳುತ್ತಾರೆ. ಇಂದಿನ ಮಾತು ಅದರ ತುದಿಯ ತೊಟ್ಟಿನ ಬಗ್ಗೆ. 'ಸ್ತನಾಗ್ರ' ಎಂದು ಸಂಸ್ಕೃತದ ಸೆರಗು ಹೊದಿಸಬಹುದು. ಆದರೆ ವೀಳ್ಯದೆಲೆಗೂ ಹೂವಿಗೂ ಬದನೆಕಾಯಿಗೂ ಇರುವ ತೊಟ್ಟೇ ಇದು. ಹುಟ್ಟಿದ ಕೂಸು ಬಾಯಿ ಹಾಕಿ ಹುಡುಕುವುದೂ ಇದನ್ನೇ. ಕನ್ನಡದ ಮಾತು ಇರುವಾಗ ಮರೆ ಏತಕ್ಕೆ?

ಕಳೆದುಹೋದ ಅಂಗವನ್ನು ಚರ್ಮದಿಂದ ಮತ್ತೆ ಮಾಡಿಕೊಡುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಶೂರ್ಪನಖಿಯ ಪ್ರಸಂಗವನ್ನು ಯಕ್ಷಗಾನದಲ್ಲಿ ನೋಡದವರು ಈ ಸೀಮೆಯಲ್ಲಿ ಇರಲಾರರು. ವಾಲ್ಮೀಕಿಯಲ್ಲಿ ಅವಳ ಕಿವಿ, ಮೂಗು ಹೋಗುತ್ತವೆ. ತಮಿಳಿನ ಕಂಬ ರಾಮಾಯಣದಲ್ಲಿ ಅವುಗಳ ಜತೆಗೆ ಮೊಲೆತೊಟ್ಟುಗಳೂ ಹೋಗುತ್ತವೆ. ಅವಮಾನ ಮಾಡಬೇಕಾದರೆ ಎಲ್ಲಿ ಕತ್ತರಿಸಬೇಕೆಂಬುದು ಹಳಬರಿಗೆ ಗೊತ್ತಿತ್ತು. ಮೂಗಿನ ವಿಷಯದಲ್ಲಂತೂ ಎಲ್ಲಿ ಹೊಲಿಯಬೇಕೆಂಬುದೂ ಗೊತ್ತಿತ್ತು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮ ಇದೆ. ಮುಂದೆ ಹಣೆಯ ಚರ್ಮ ಬಳಸುವ ಪದ್ಧತಿ ಬಂದಿತು.

ಈ ಹಣೆಯ ಪದ್ಧತಿಯನ್ನು ಜಗತ್ತಿಗೆ ತಿಳಿಸಿದ ಪ್ರಕರಣದ ಮೂಲ ಕರ್ನಾಟಕದಲ್ಲಿದೆ. ಕಾವಸ್‌ಜಿ ಎಂಬವನು ಬ್ರಿಟಿಷ್ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ವರ್ಷದಷ್ಟು ಕಾಲ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹೊಸ ಮೂಗು ಮಾಡಿದ. ಮೊದಲು ಮೇಣದಲ್ಲಿ ಮೂಗಿನ ಆಕಾರ ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅಂಚಿನ ಸುತ್ತ ಗೆರೆ ಎಳೆದ. ಗೆರೆಯಂತೆ ಚರ್ಮ ಬಿಡಿಸಿದ. ಹುಬ್ಬುಗಳ ನಡುವಿನ ಒಂದು ಎಸಳನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡು, ಚರ್ಮವನ್ನು ತಿರುಗಿಸಿ ಕೆಳಗಿಳಿಸಿದ. ಅಂಟಿಗೆ ಬಳಸಿದ್ದು ಕಾಚು, ಎಲೆಯಡಿಕೆಗೆ ಹಾಕುವ ಅದೇ ಕಾಚು. ಅದನ್ನು ನೀರಲ್ಲಿ ಮೆದು ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ ಅಂಟಿಸಿದ. ಸುಮಾರು 25 ದಿನಗಳ ಮೇಲೆ ಆ ಎಸಳನ್ನು ಕತ್ತರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಈ ವಿವರವನ್ನು ಚಿತ್ರಸಮೇತ ಅಚ್ಚು ಹಾಕಿತು. ಅದರ ಪ್ರೇರಣೆಯಿಂದ 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಅದೇ ಬಗೆಯ ಶಸ್ತ್ರಕ್ರಿಯೆ ಮಾಡಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳು ಈ ಕಥೆಯನ್ನು ಬಿಡುವುದಿಲ್ಲ.

ತೋಟ ಇರುವವರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ಗೂಟಿ ಕಟ್ಟುವಾಗ ಕೊಂಬೆಯನ್ನು ತಾಯಿಗಿಡದಿಂದ ಕೂಡಲೇ ಕತ್ತರಿಸುವುದಿಲ್ಲ, ಬೇರು ಬಂದ ಮೇಲೆ ಕತ್ತರಿಸುತ್ತಾರೆ. ಹಣೆಯ ಚರ್ಮವೂ ಹೊಸ ಜಾಗದಲ್ಲಿ ರಕ್ತನಾಳದ ಬೇರು ಬಿಡುವ ತನಕ ಹಳೆಯ ಎಸಳಿನಿಂದಲೇ ಉಣ್ಣುತ್ತದೆ.

ಹಾಗಾದರೆ ಮೂಗಿಗೆ ಸಾವಿರಾರು ವರ್ಷಗಳ ಹಿಂದೆಯೇ ಸಿಕ್ಕಿದ್ದು ಮೊಲೆಗೆ ಏಕೆ ಸಿಗಲಿಲ್ಲ? ಮೂಗು ಊರಿಗೆಲ್ಲ ಕಾಣುತ್ತದೆ, ಮನೆತನದ ಮಾನವನ್ನು ಅಲ್ಲಿಟ್ಟಿದ್ದಾರೆ. ಮೊಲೆ ಹೋದದ್ದು ಬಚ್ಚಲುಮನೆಯಲ್ಲಿ ಒಬ್ಬಳಿಗೆ ಮಾತ್ರ ಕಾಣುತ್ತದೆ. ಜತೆಗೆ, ಅರಿವಳಿಕೆ ಇಲ್ಲದ ಕಾಲದಲ್ಲಿ ಮೊಲೆ ತೆಗೆಸಿಕೊಂಡು ಬದುಕುವುದೇ ದೊಡ್ಡದಾಗಿತ್ತು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸ್ಸಿನಲ್ಲಿ ಪೂರ್ಣ ಎಚ್ಚರವಿದ್ದಾಗಲೇ ಈ ಶಸ್ತ್ರಕ್ರಿಯೆಗೆ ಒಳಗಾಗಿ, ಅದನ್ನು ಅಕ್ಕನಿಗೆ ಪತ್ರದಲ್ಲಿ ಬರೆದಳು. ಓದಲು ಗಟ್ಟಿ ಮನಸ್ಸು ಬೇಕು. ಮುಂದೆ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಮೊಲೆಯ ಜತೆಗೆ ಕೆಳಗಿನ ಸ್ನಾಯುಗಳನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆಯುವ ಪದ್ಧತಿಯನ್ನು 1894ರಲ್ಲಿ ಪ್ರಕಟಿಸಿದ. ಮುಕ್ಕಾಲು ಶತಮಾನ ಅದೇ ನಡೆಯಿತು. ಪಕ್ಕೆಲುಬು ಎಣಿಸಬಹುದಾದ ಆ ಎದೆಯ ಮೇಲೆ ಏನನ್ನು ಕಟ್ಟುವುದು?

ಅಷ್ಟು ಕತ್ತರಿಸುವ ಅಗತ್ಯ ಎಲ್ಲರಿಗೂ ಇಲ್ಲವೆಂದು ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ತೋರಿಸಿಕೊಟ್ಟರು. 1980ರ ದಶಕದಿಂದೀಚೆಗೆ ಗಂಟನ್ನು ಮಾತ್ರ ತೆಗೆದು ಮೊಲೆ ಉಳಿಸುವುದು ಹಲವರಿಗೆ ಸಾಧ್ಯವಾಗಿದೆ. ಬೇಗ ಹೋದವರಿಗೆ ಈ ಅವಕಾಶ ಹೆಚ್ಚು. ಪೂರ್ತಿ ತೆಗೆಯಬೇಕಾದವರಿಗೂ ದಾರಿಗಳಿವೆ. 1962ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲ ಸಿಲಿಕೋನ್ ಚೀಲ ಇಟ್ಟರು. 1982ರಲ್ಲಿ ಕಾರ್ಲ್ ಹಾರ್ಟ್ರಾಂಫ್ ಹೊಟ್ಟೆಯ ಚರ್ಮ, ಕೊಬ್ಬನ್ನು ಸ್ನಾಯುವಿನ ಸಮೇತ ಮೇಲಕ್ಕೆ ತಂದು ಮೊಲೆ ಮಾಡುವ ಕ್ರಮವನ್ನು ಪ್ರಕಟಿಸಿದ. ಅದೂ ಗೂಟಿಯ ಲೆಕ್ಕವೇ.

ಇಷ್ಟಾದರೂ ಆಗುವುದು ಒಂದು ದಿಬ್ಬ ಮಾತ್ರ. ತೊಟ್ಟಿಲ್ಲದ ದಿಬ್ಬವನ್ನು ಕಣ್ಣು ಮೊಲೆಯೆಂದು ಒಪ್ಪುವುದಿಲ್ಲ. ತೊಟ್ಟು ಮಾಡುವ ಕೆಲಸ ಕೊನೆಯ ಹಂತದ್ದು. ದಿಬ್ಬ ಮಾಡಿದ ಕೂಡಲೇ ಅದು ಇಳಿಯುತ್ತದೆ, ಸರಿಯುತ್ತದೆ. ಅದು ತನ್ನ ಜಾಗದಲ್ಲಿ ಕೂರಲು ಮೂರು ನಾಲ್ಕು ತಿಂಗಳು ಬೇಕು. ಮೊದಲೇ ತೊಟ್ಟಿಟ್ಟರೆ ಅದು ಎಲ್ಲೋ ಹೋಗಿ ನಿಲ್ಲುತ್ತದೆ. ವಿಕಿರಣ ಚಿಕಿತ್ಸೆ ಆಗಿದ್ದರೆ ಚರ್ಮ ಗಡುಸಾಗಿರುತ್ತದೆ, ಇನ್ನೂ ಹೆಚ್ಚು ಕಾಯಬೇಕು. ಆಮೇಲೆ ವೈದ್ಯರು ರೋಗಿಯನ್ನು ನಿಲ್ಲಿಸಿ, ಇನ್ನೊಂದು ಮೊಲೆಗೆ ಸರಿಹೊಂದುವಂತೆ ಗುರುತು ಹಾಕುತ್ತಾರೆ. ಮಲಗಿಸಿ ಗುರುತು ಹಾಕಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿನ ಚರ್ಮದಲ್ಲೇ ಎರಡು ರೆಕ್ಕೆ, ಒಂದು ಮುಚ್ಚಳ ಬಿಡಿಸಿ, ರೆಕ್ಕೆಗಳನ್ನು ಬೀಡಾ ಸುತ್ತಿದಂತೆ ಒಂದರ ಮೇಲೊಂದು ಸುತ್ತಿ, ಮೇಲೆ ಮುಚ್ಚಳ ಹೊಲಿಯುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಆಮೇಲೆ ಕೆಲವು ವಾರ, ತಲೆಯ ಮೇಲೆ ಕೊಡ ಹೊರುವಾಗ ಇಡುವ ಸಿಂಬಿಯಂಥ ಪ್ಯಾಡನ್ನು ಸುತ್ತಲೂ ಇಟ್ಟು, ಬಟ್ಟೆ ತೊಟ್ಟನ್ನು ಒತ್ತದಂತೆ ಕಾಯಬೇಕು. ಇಷ್ಟು ಮಾಡಿದರೂ ಮೊದಲ ವರ್ಷದಲ್ಲೇ ಅದರ ಎತ್ತರ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಯುವುದುಂಟು. ಆದ್ದರಿಂದ ಬಲ್ಲವರು ಮೊದಲೇ ತುಸು ದೊಡ್ಡದಾಗಿ ಮಾಡುತ್ತಾರೆ. ಇನ್ನೊಂದು ಮೊಲೆಯ ತೊಟ್ಟು ದೊಡ್ಡದಿದ್ದರೆ ಅದರ ಒಂದು ಪಾಲನ್ನು ತಂದು ಕಸಿ ಮಾಡುವುದೂ ಇದೆ.

ಹೊಸ ತೊಟ್ಟಿನಲ್ಲಿ ಹಾಲಿಲ್ಲ. ಮುಟ್ಟಿದರೆ ತಿಳಿಯುವುದೂ ಬಹುಪಾಲು ಇಲ್ಲ. ಇದನ್ನು ವೈದ್ಯರು ಮೊದಲೇ ಹೇಳಬೇಕು, ರೋಗಿಯೂ ಸಂಕೋಚವಿಲ್ಲದೆ ಕೇಳಬೇಕು.

ತೊಟ್ಟಿನ ಸುತ್ತಲ ಕಂದು ವೃತ್ತ ಉಳಿಯಿತು. ಹಿಂದೆ ತೊಡೆಯ ಒಳಭಾಗದ ಚರ್ಮ ತಂದು ಹಚ್ಚುತ್ತಿದ್ದರು. ಈಗ ಹೆಚ್ಚಾಗಿ ಮಾಡುವುದು ಹಚ್ಚೆ. ಹೌದು, ಅಜ್ಜಿಯಂದಿರ ಮುಂಗೈಯಲ್ಲಿ ಕಾಣುವ ಅದೇ ಹಚ್ಚೆ. ಕೊರವಂಜಿ ಹೊಸಲಲ್ಲಿ ಕೂತು, ಕೂಡಿಸಿ ಕಟ್ಟಿದ ಸೂಜಿಗಳಿಂದ ದೀಪದ ಮಸಿ, ಸೊಪ್ಪಿನ ರಸ ಚುಚ್ಚುತ್ತಿದ್ದಳು. ಹುಡುಗಿ ಅಳುತ್ತಿದ್ದಳು, ಅವಳ ಗಮನ ತಿರುಗಿಸಲು ಹಾಡುತ್ತಿದ್ದಳು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜತೆಗೆ ಬರುತ್ತದೆ ಎಂಬ ನಂಬಿಕೆ ಇತ್ತು. ಹಚ್ಚೆ ಎಂಬ ಮಾತಿನ ಬೇರು ಹಸಿರು. ಕಪ್ಪು ಮಸಿ ಚರ್ಮದ ಒಳಪದರದಲ್ಲಿ ಕೂತಾಗ ಹೊರಗೆ ಹಸಿರಾಗಿ ಕಾಣುತ್ತದೆ. ಮೇಲಿನ ಪದರ ಕಳಚುತ್ತಲೇ ಇದ್ದರೂ ಒಳಪದರದ ಜೀವಕೋಶಗಳು ಬಣ್ಣವನ್ನು ನುಂಗಿ ಹಿಡಿದಿರುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಮತ್ತೊಂದು ಎತ್ತಿಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಆಸ್ಪತ್ರೆಯಲ್ಲಿ ಮಸಿಯ ಬದಲು ಕಬ್ಬಿಣದ ಆಕ್ಸೈಡಿನ ಕಂದು, ಕೆಂಪು, ಹಳದಿ ಬಣ್ಣಗಳನ್ನು ಬೆರೆಸಿ ಇನ್ನೊಂದು ಮೊಲೆಗೆ ಹೊಂದಿಸುತ್ತಾರೆ. ಇದು ಕೊರವಂಜಿಯ ಹಚ್ಚೆಯಷ್ಟು ಗಟ್ಟಿಯಲ್ಲ, ವರ್ಷಗಳು ಕಳೆದಂತೆ ಮಾಸುತ್ತದೆ, ಮತ್ತೆ ತಿದ್ದಿಸಬೇಕಾಗಬಹುದು.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫಿಂಕ್ಸ್‌ಬರ್ಗ್ ಎಂಬ ಸಣ್ಣ ಊರಿನ ಹಚ್ಚೆಗಾರ ವಿನ್ನಿ ಮೈಯರ್ಸ್ ಈ ಕೆಲಸಕ್ಕೇ ಹೆಸರಾದವನು. ಚಪ್ಪಟೆ ಚರ್ಮದ ಮೇಲೆ ನೆರಳು ಬೆಳಕು ಕೂಡಿಸಿ, ಎದ್ದು ನಿಂತ ತೊಟ್ಟೆಂದು ಕಣ್ಣು ನಂಬುವಂತೆ ಬರೆಯುತ್ತಾನೆ. ಚೌಕಿಯಲ್ಲಿ ಬಣ್ಣದ ವೇಷದ ಮುಖ ಮೂಡುವುದನ್ನು ಕಂಡವರಿಗೆ ಇದು ಆಶ್ಚರ್ಯವಾಗದು. ಬೇರೆ ದೇಶಗಳಿಂದಲೂ ಹೆಂಗಸರು ಅವನಲ್ಲಿಗೆ ಹೋಗಿದ್ದಾರೆ. ಕೆಲವರು ಶಸ್ತ್ರಕ್ರಿಯೆಯೇ ಬೇಡವೆಂದು ಈ ಚಿತ್ರದಲ್ಲೇ ತೃಪ್ತಿಪಡುತ್ತಾರೆ. ಆದರೆ ಜಾತ್ರೆಯ ಹಚ್ಚೆ ಅಂಗಡಿಯಲ್ಲಿ ಇದನ್ನು ಹಾಕಿಸಿಕೊಳ್ಳಲೇಬಾರದು. ಒಬ್ಬರಿಗೆ ಬಳಸಿದ ಸೂಜಿಯಿಂದ ಕಾಮಾಲೆ, ಎಚ್‌ಐವಿ ಹರಡಬಲ್ಲವು.

ಇನ್ನು ಪ್ರಯಾಣದ ತೊಡಕು. ಚಿಕಿತ್ಸೆಗೆಂದು ಹೊರದೇಶಗಳಿಂದ ಬೆಂಗಳೂರು, ಚೆನ್ನೈ, ಮುಂಬಯಿಗೆ ಬರುವವರಿದ್ದಾರೆ. ಇಲ್ಲಿಂದ ಹೊರಗೆ ಹೋಗುವವರೂ ಇದ್ದಾರೆ. ದಿಬ್ಬ ಆದ ಮೇಲೆ ಊರಿಗೆ ಹೋಗುತ್ತಾರೆ. ನಾಲ್ಕು ತಿಂಗಳ ನಂತರ ತೊಟ್ಟಿಗೆಂದು ಮತ್ತೊಂದು ಟಿಕೇಟು, ಹಚ್ಚೆಗೆಂದು ಇನ್ನೊಂದು. ಕೆಲಸ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಘಟ್ಟ ಇಳಿಯುವವರ ಪಾಡೂ ಬೇರೆಯಲ್ಲ. ಮಾಘದಲ್ಲಿ ದಿಬ್ಬವಾದರೆ ತೊಟ್ಟಿನ ಸರದಿ ಬರುವ ಹೊತ್ತಿಗೆ ಆಗುಂಬೆಯ ಮಳೆ ಹಿಡಿದಿರುತ್ತದೆ. ಘಾಟಿಯಲ್ಲಿ ಗುಡ್ಡ ಜರಿದರೆ ದಾರಿ ಬಂದ್. ಮನೆಯಲ್ಲಿ ನಾಟಿಯ ಕೆಲಸ. 'ಇನ್ನು ಆ ವಯಸ್ಸಿನಲ್ಲಿ ಅದೇಕೆ ಮಾರಾಯ್ತಿ?' ಎನ್ನುವವರು ಮನೆಯೊಳಗೇ ಇರುತ್ತಾರೆ. ಮೂಗು ಹೋಗಿದ್ದರೆ ಹೀಗೆ ಕೇಳುತ್ತಿದ್ದರೇ?

ಆದ್ದರಿಂದ ಮೊದಲ ಶಸ್ತ್ರಕ್ರಿಯೆಗೆ ಮುನ್ನವೇ ಮೂರು ಹಂತದ ತಿಂಗಳುಗಳನ್ನು ವೈದ್ಯರೊಡನೆ ಕೂತು ಲೆಕ್ಕ ಹಾಕುವುದು ಒಳ್ಳೆಯದು. ಶಸ್ತ್ರಕ್ರಿಯೆಯ ವಿವರ, ಗಂಟಿನ ಪರೀಕ್ಷೆಯ ವರದಿ, ಸಿಲಿಕೋನ್ ಚೀಲ ಇಟ್ಟಿದ್ದರೆ ಅದರ ಕಾರ್ಡು, ಇವು ರೋಗಿಯ ಕೈಯಲ್ಲೇ ಇರಬೇಕು. ಆಗ ಎರಡನೆಯ ಹಂತಕ್ಕೆ ಹತ್ತಿರದ ಇನ್ನೊಬ್ಬ ತಜ್ಞರ ಬಳಿಗೂ ಹೋಗಬಹುದು. ದೊಡ್ಡ ಶಸ್ತ್ರಕ್ರಿಯೆಯ ನಂತರ ದೂರದ ವಿಮಾನ ಹತ್ತುವವರಿಗೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಯಾವಾಗ ಹೊರಡಬಹುದೆಂದು ಕೇಳಿಯೇ ಹೊರಡಬೇಕು. ಗಾಯ ಒಣಗುವ ಮುನ್ನ ಮಲೆನಾಡಿನ ಹಂಡೆ ನೀರಿನ ಅಭ್ಯಂಜನ ಬೇಡ. ಬೀಡಿ, ಹೊಗೆಸೊಪ್ಪು ಬಿಡಬೇಕು. ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಹೊಸ ತೊಟ್ಟನ್ನು ಒಣಗಿಸುವುದರಲ್ಲಿ ನಿಕೋಟಿನ್ ಎಲ್ಲಕ್ಕಿಂತ ಮುಂದು.

ಹುಟ್ಟಿನಲ್ಲಿ ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬದುಕುವ ಟ್ರಾನ್ಸ್ ಪುರುಷರಿಗೂ ಈ ವಿಷಯ ಸಂಬಂಧಿಸಿದ್ದು. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವವನ್ನು ತಾವೇ ನಿರ್ಧರಿಸುವ ಅವರ ಹಕ್ಕನ್ನು ಎತ್ತಿಹಿಡಿಯಿತು. ಎದೆಯನ್ನು ಸಮತಟ್ಟು ಮಾಡಿಸಿಕೊಳ್ಳುವವರಲ್ಲಿ ಹಲವರಿಗೆ ತೊಟ್ಟನ್ನು ಪೂರ್ತಿ ತೆಗೆದು, ಚಿಕ್ಕದು ಮಾಡಿ, ಗಂಡಸಿನ ಎದೆಯಲ್ಲಿರುವ ಜಾಗಕ್ಕೆ ಕಸಿ ಮಾಡುತ್ತಾರೆ. ಇದು ಗೂಟಿಯಲ್ಲ, ತಾಯಿಗಿಡದ ಹಂಗು ಕಡಿದ ಕಸಿ. ಒಂದು ವಾರದಷ್ಟು ಕಾಲ ಮೇಲೆ ಒತ್ತಿ ಕಟ್ಟಿದ ಪಟ್ಟಿಯನ್ನು ಬಿಚ್ಚಬಾರದು, ನೆನೆಸಬಾರದು. ನಮ್ಮ ಮೈಬಣ್ಣದವರಲ್ಲಿ ಕಸಿಯಾದ ತೊಟ್ಟು ಅಲ್ಲಲ್ಲಿ ಬೆಳ್ಳಗಾಗುವುದುಂಟು. ಅಲ್ಲಿಯೂ ಹಚ್ಚೆಯೇ ನೆರವಿಗೆ ಬರುತ್ತದೆ.

ಹಣದ ಮಾತು ಬಿಡುವಂತಿಲ್ಲ. ಅಮೆರಿಕದಲ್ಲಿ 1998ರ ಕಾನೂನಿನಂತೆ, ಮೊಲೆ ತೆಗೆಯುವ ಖರ್ಚು ಕೊಡುವ ವಿಮಾ ಕಂಪನಿ ಅದನ್ನು ಮತ್ತೆ ಮಾಡಿಸುವ ಖರ್ಚನ್ನೂ ಕೊಡಬೇಕು. ಇಲ್ಲಿ ಅಂಥ ಕಾನೂನಿಲ್ಲ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ಷರತ್ತಿನಲ್ಲಿ, ಸೌಂದರ್ಯದ ಶಸ್ತ್ರಕ್ರಿಯೆಗೆ ಹಣವಿಲ್ಲ ಎಂದ ಮೇಲೆ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ನಿರ್ಮಾಣವನ್ನು ಅದರಿಂದ ಹೊರಗಿಟ್ಟಿದ್ದಾರೆ. ಆರೋಗ್ಯ ವಿಮೆ ಇರುವವರು ಅರ್ಜಿ ತಿರಸ್ಕೃತವಾದರೆ ಈ ಸಾಲನ್ನು ಬೆರಳಿಟ್ಟು ತೋರಿಸಬೇಕು.

ಏನೂ ಬೇಡ, ಇದ್ದ ಹಾಗೇ ಇರುತ್ತೇನೆ ಎನ್ನುವವರೂ ಇದ್ದಾರೆ. ಅದೂ ಅವರದೇ ತೀರ್ಮಾನ. ರವಿಕೆ ಒಂದು ಕಡೆ ಜೋತು ಬೀಳುವುದಷ್ಟೇ ತೊಂದರೆಯೆಂದರೆ, ಹತ್ತಿಯ ನೂಲಿನಲ್ಲಿ ಹೆಣೆದು ಒಳಗೆ ಮೆತ್ತೆ ತುಂಬಿದ, ತೊಟ್ಟಿನ ಸಮೇತದ ಮೊಲೆಗಳನ್ನು ಉಚಿತವಾಗಿ ಕಳಿಸಿಕೊಡುವ ಹೆಂಗಸರ ಗುಂಪುಗಳು ದೇಶದಲ್ಲಿವೆ. ಕ್ರೋಶಾ ಬಲ್ಲವರು ಮನೆಯಲ್ಲೇ ಹೆಣೆಯಬಹುದು. ಎರಡು ಮಾಡಿಟ್ಟುಕೊಳ್ಳುವುದು ವಾಸಿ: ಆಗುಂಬೆಯ ಆಷಾಢದಲ್ಲಿ ತೊಳೆದದ್ದು ಒಣಗಬೇಕಾದರೆ ಬಚ್ಚಲೊಲೆಯ ಮೇಲೆ ಎರಡು ದಿನ ಕಟ್ಟಿರಬೇಕಾಗುತ್ತದೆ.