ಸಾಲ ಮತ್ತು ಒಕ್ಕೂಟ



ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವು ನೋಡಿರಬಹುದು. ರೈತರು ತಂದ ಗೂಡನ್ನು ರೀಲರುಗಳು ಹರಾಜಿನಲ್ಲಿ ಕೊಳ್ಳುತ್ತಾರೆ. ನೂಲು ಮಾರುವ ಮೊದಲೇ ಗೂಡಿಗೆ ಹಣ ಕೊಡಬೇಕು. ಅದಕ್ಕಾಗಿ ಎಷ್ಟೋ ಜನ ಸಾಲ ಮಾಡುತ್ತಾರೆ. ನೂಲಿನ ಬೆಲೆ ಕುಸಿದರೂ ಸಾಲ ಮಾತ್ರ ಇಳಿಯುವುದಿಲ್ಲ. ದೇಶಗಳ ಕಥೆಯೂ ಇದೇ.

1991ರಲ್ಲಿ ಭಾರತದ ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ ನಾವು ಚಿನ್ನ ಅಡವಿಟ್ಟೆವು. ಜುಲೈನಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದೆವು. ನಮ್ಮ ಸರಕು ಹೊರಗಿನವರಿಗೆ ಅಗ್ಗವಾಯಿತು. 2010ರಲ್ಲಿ ಸಾಲದಲ್ಲಿ ಮುಳುಗಿದ ಗ್ರೀಸಿಗೆ ಈ ದಾರಿಯೇ ಇರಲಿಲ್ಲ. ಅದರ ನಾಣ್ಯವಾದ ಯೂರೋ ಹಲವು ದೇಶಗಳ ಸೊತ್ತು. ನೆರವೇನೋ ಬಂದಿತು, ಸಂಬಳ ಮತ್ತು ಪಿಂಚಣಿ ಕಡಿತದ ಷರತ್ತಿನೊಡನೆ.

ಕರ್ನಾಟಕಕ್ಕೂ ಬೇರೆ ನಾಣ್ಯವಿಲ್ಲ. ಆದರೆ ನಮ್ಮ ಸಂವಿಧಾನದ 280ನೆಯ ವಿಧಿಯಂತೆ ಹಣಕಾಸು ಆಯೋಗವು ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಬಗೆಯನ್ನು ಸೂಚಿಸುತ್ತದೆ. ಯೂರೋ ದೇಶಗಳಿಗೆ ಅಂತಹ ದೊಡ್ಡ ಸಮಾನ ಬೊಕ್ಕಸವಿರಲಿಲ್ಲ.

ನಮ್ಮಲ್ಲೂ ತಕರಾರು ಉಂಟು. 14ನೆಯ ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು 15ನೆಯ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಇದು ದುಡಿದವನಿಗೆ ಅನ್ಯಾಯವೆ, ಹಿಂದುಳಿದವನಿಗೆ ಆಸರೆಯೆ? ನೀವೇ ಚರ್ಚಿಸಿ. ಕೊಡುವವನಿಗೆ ಲೆಕ್ಕ ತಿಳಿಯಬೇಕು, ಬಡವನಿಗೆ ಆಸರೆ ಸಿಗಬೇಕು. ಇವೆರಡೂ ಇದ್ದಲ್ಲಿ ಮಾತ್ರ ಒಕ್ಕೂಟ ಬಾಳುತ್ತದೆ.