ಊರಿನ ನಾಳೆಗೆ ಮಕ್ಕಳ ಮಾತು
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನ ಪೂರೈಸಿದ ಶಾಲೆಯ ಅಂಗಳದಲ್ಲಿ ಹಿಂದಿನದನ್ನು ಸ್ಮರಿಸುವುದು ಸಹಜ. ಗದ್ವಾಲ, ಅಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗಡಿ ಸರಿದರೂ ನಮ್ಮ ಶಾಲೆಯಲ್ಲಿ ಕನ್ನಡದ ಪಾಠ ನಿಲ್ಲಲಿಲ್ಲ. ಆ ಹೆಮ್ಮೆಯೊಡನೆ ಮುಂದಿನ ಮಾತನ್ನೂ ಆಡಬಯಸುತ್ತೇವೆ. ಊರಿನ ಕೆರೆ, ಕಾಲುವೆ, ದಾರಿ, ಮರಗಳ ನಾಳೆಯನ್ನು ನಿರ್ಧರಿಸುವಾಗ, ಆ ನಾಳೆಯಲ್ಲಿ ಬದುಕುವವರನ್ನು ಕೇಳಬೇಡವೇ?

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನಡಿಗಡ್ಡೆಯ ನೆಲ ಹಿರಿಯರ ತೀರ್ಮಾನಗಳಿಂದ ಹಲವು ಸಲ ರೂಪ ಬದಲಿಸಿದೆ. ರಾಜೋಳಿಬಂಡೆಯ ಕಾಲುವೆ, ಜೂರಾಲ ಜಲಾಶಯ ಹೊಲಗಳಿಗೆ ನೀರು ತಂದವು. ಶ್ರೀಶೈಲ ಜಲಾಶಯದ ಹಿನ್ನೀರಿಗೆ ಸಿಲುಕಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ಅಲಂಪುರದಲ್ಲಿ ಮರಳಿ ಕಟ್ಟಲಾಯಿತು. ಗುಡಿಯನ್ನು ಹಾಗೆ ಸಾಗಿಸಬಹುದು. ಮುಳುಗಿದ ಹೊಲವನ್ನು ಸಾಗಿಸಲಾಗದು. ಇಂಥ ತೀರ್ಮಾನಗಳ ಫಲವನ್ನು ದೀರ್ಘಕಾಲ ಉಣ್ಣುವವರು ಮಕ್ಕಳೇ.

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಸಾರಿದೆ. ಭಾರತ ಅದನ್ನು 1992ರಲ್ಲಿ ಒಪ್ಪಿದೆ. ಕರ್ನಾಟಕದ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು; ಪಂಚವಾರ್ಷಿಕ ಯೋಜನೆಗಾಗಿ ಮಕ್ಕಳೇ ಮಾಹಿತಿ ಕಲೆಹಾಕಿ ಗ್ರಾಮ ಪಂಚಾಯಿತಿಗಳ ಮುಂದಿಟ್ಟರು. ಮಳೆಗಾಲದಲ್ಲಿ ತೊರೆ ದಾಟಿ ಶಾಲೆಗೆ ಹೋಗುವ ಮಗುವಿಗೆ ಕಾಲುಸಂಕ ಎಲ್ಲಿ ಬೇಕೆಂಬುದು ಚೆನ್ನಾಗಿ ಗೊತ್ತು. ಇಂದು ಆ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಒಂದು ಪದ್ಧತಿಯೇ ಆಗಿದೆ.

ನಮ್ಮಲ್ಲಿಯೂ ದಾರಿಯಿದೆ. ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯಿದೆಯಂತೆ ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು. ಅದರ ಸದಸ್ಯರು ಮತದಾರರು, ಮಕ್ಕಳಿಗೆ ಮತವಿಲ್ಲ. ಆದ್ದರಿಂದ ಅವರ ಮಾತನ್ನು ಅಲ್ಲಿಗೆ ಒಯ್ಯುವ ಹೊಣೆ ಪೋಷಕರದು.

ಈ ವರ್ಷದಿಂದ ಎಂಟು, ಒಂಬತ್ತನೆಯ ತರಗತಿಯವರಿಂದ ಊರಿನ ನಕ್ಷೆ ಬರೆಯಿಸಬೇಕೆಂದಿದ್ದೇವೆ. ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ದಾರಿಯಲ್ಲಿ ನೆರಳಿಲ್ಲ, ಹೆಣ್ಣುಮಕ್ಕಳು ಎಲ್ಲಿ ಒಬ್ಬರೇ ನಡೆಯಲು ಅಂಜುತ್ತಾರೆ, ಇವೆಲ್ಲ ಅದರಲ್ಲಿರಲಿ. ಶಾಲೆಯಲ್ಲಿ ಕನ್ನಡದಲ್ಲಿ ಬರೆದುದನ್ನು ಮಕ್ಕಳೇ ತೆಲುಗಿಗೆ ತರುವರು. ಎರಡು ನುಡಿಗಳ ನಡುವೆ ಬೆಳೆದವರಿಗೆ ಅದು ಕಷ್ಟವಲ್ಲ.

ಓದಿಗೆ ತೊಡಕಾದೀತೆಂದು ಕೆಲವರು ಶಂಕಿಸಬಹುದು. ಅಳೆಯುವುದು ಗಣಿತ, ನೀರನ್ನು ಗಮನಿಸುವುದು ವಿಜ್ಞಾನ, ಹಿರಿಯರನ್ನು ವಿಚಾರಿಸುವುದು ಇತಿಹಾಸ. ಕಲಿತವರು ರಾಯಚೂರಿಗೋ ಹೈದರಾಬಾದಿಗೋ ಹೋಗುವರಲ್ಲವೇ ಎನ್ನಬಹುದು. ಹೋದವರೂ ಊರನ್ನು ಮರೆಯರೆಂಬುದಕ್ಕೆ ಇಂದು ಬಂದಿರುವ ಹಳೆಯ ವಿದ್ಯಾರ್ಥಿಗಳೇ ಸಾಕ್ಷಿ.

ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಒಂದೇ. ಮಕ್ಕಳು ಕೇಳಿದ್ದನ್ನೆಲ್ಲ ಮಾಡಿರೆಂದು ನಾವು ಹೇಳುವುದಿಲ್ಲ. ಮುಂದಿನ ಗ್ರಾಮಸಭೆಯೊಳಗೆ ಉತ್ತರ ಕೊಡಿರಿ. ಆಗದಿದ್ದರೆ ಆಗದೆಂದು, ಕಾರಣ ತಿಳಿಸಿ ಹೇಳಿರಿ. ಕೇಳಿ ಉತ್ತರ ಪಡೆದ ಮಗು ಪೌರಧರ್ಮವನ್ನು ಕಲಿಯುತ್ತದೆ. ಕೇಳಿಯೂ ಉತ್ತರ ಸಿಗದ ಮಗು ಮೌನವನ್ನು ಕಲಿಯುತ್ತದೆ.